ಹಸಿರು ಮುಖದ ಫ್ಲೇವಿ

ಅಯ್ಯೋ, ಬ್ಲೇಡು ಕೆಳಗಿಡಿ ಮಾರಾಯ್ರೆ! ಆ ಬಿಳಿ ಅಂಚು ಕತ್ತರಿಸಬಾರದು ಹನುಮೇಶಣ್ಣ. ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಕಾಣ್ತದಾ? ಏಳು, ಒಂದು ಗೀಟು, ತೊಂಬತ್ತು. ಈ ಚಿತ್ರದ್ದು ಇಡೀ ಪ್ರಪಂಚಕ್ಕೆ ತೊಂಬತ್ತೇ ಅಚ್ಚು ತೆಗೆದದ್ದು, ಇದು ಏಳನೆಯದು. ಪಕ್ಕದಲ್ಲಿ ಉಂಟಲ್ಲ, ಅದು ಆ ಮುದುಕನ ಸಹಿ. ನೀವು ದೇವರ ಫೋಟೋಗೆ ಕಟ್ಟು ಹಾಕುವ ಹಾಗೆ ಅಂಚು ಹಾರಿಸಿದರೆ ಎಲ್ಲ ಹೋಯಿತು!

ಯಾವ ಮುದುಕನಾ? ಇಟಲಿಯ ಚಿತ್ರಕಾರ. ನನ್ನ ಹೆಂಡತಿ ಫ್ಲೇವಿ ಮಿಲಾನಿನಲ್ಲಿ ಅವನನ್ನೇ ನೋಡಿಕೊಳ್ಳುವುದು... ಊಟ, ಮಾತ್ರೆ, ಸ್ನಾನ, ಎಲ್ಲ. ಅವಳನ್ನೇ ಎದುರು ನಿಲ್ಲಿಸಿ ಬರೆದದ್ದಂತೆ ಇದು.

ಎಂತಕ್ಕೆ ನಗ್ತೀರಿ? ಮುಖ ಹಸಿರು ಅಂತಲಾ? ನಾನೂ ನಗಬೇಕು ಅಂತಿದ್ದೆ. ಹಸಿರು ಮುಖ, ಕೆಂಪು ಲಂಗ, ನೀಲಿ ಕಾಲು... ಆದರೆ ಸೊಂಟದ ಮೇಲಿನ ಆ ಕೈ ನೋಡಿ. ಮೀನು ತಾಜಾ ಇಲ್ಲದಿದ್ದರೆ ಮಾರುವವಳ ಎದುರು ಹೀಗೆಯೇ ನಿಲ್ಲುವುದು ಅವಳು! ಅದೇ ಕೈ. ಅದೇ...

ಇಲ್ಲ, ಎಂತ ಇಲ್ಲ. ನೀವು ಕೆಲಸ ಮಾಡಿ.

ಅವಳೇ ಕಳಿಸಿದ್ದು. ಕ್ರಿಸ್ಮಸಿಗೆ ಬರ್ತಾಳೆ. ಕಾರ್ಕಳದಿಂದ ಅತ್ತೆ ದಿನಾ ಫೋನು ಮಾಡ್ತಾರೆ, ಮಗಳ ಸ್ವರ ಒಮ್ಮೆ ಕೇಳಿಸು ಜೋವಿನ್ ಅಂತ. ಅಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅಂದೆ. ಡ್ಯೂಟಿ ಜಾಸ್ತಿ ಅಂದೆ. ಇನ್ನು ಎಂತ ಹೇಳುವುದು? ಇದನ್ನು ಅವರ ಗೋಡೆಗೆ ಹಾಕಿದರೆ ಸ್ವಲ್ಪ ದಿನ ಸಮಾಧಾನ ಆಗ್ತದೆ, ಅಲ್ವಾ?

ಹಾಂ, ಆ ಹಳದಿ ಕಟ್ಟೇ ಇರಲಿ... ತಡೀರಿ. ಮೇಲೆ ಎಂತ ಹೊಡೀತಿದ್ದೀರಿ? ಆ ಕೊಕ್ಕೆ ಯಾಕೆ? ಅದು ಹಾರ ಹಾಕಲಿಕ್ಕೆ ಅಲ್ವಾ... ತೀರಿಹೋದವರ ಫೋಟೋಗೆ ಹೊಡೆಯುವುದಲ್ವಾ ಅದನ್ನು?

ಯಾರು ಹೇಳಿದರು ನಿಮಗೆ? ಯಾರೂ ಇಲ್ವಾ? ನನ್ನ ಮುಖ ನೋಡಿಯೇ ತಿಳಿಯಿತಾ? ಹಾಗೆ ನೋಡಬೇಡಿ ಮಾರಾಯ್ರೆ...

ಅಲ್ಲಿಯೇ ಮಣ್ಣು ಮಾಡಿದರು ಹನುಮೇಶಣ್ಣ. ಜ್ವರ ಅಂತ ಆಸ್ಪತ್ರೆಗೆ ಹೋದವಳು... ನನಗೆ ವೀಸಾ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಪೆಟ್ಟಿಗೆ ಬಂತು. ಅವಳ ಬಟ್ಟೆ, ಮತ್ತೆ ಇದು. ನಾನು ಅವಳ ಮುಖ ನೋಡಲಿಲ್ಲ. ಒಂದು ಹಿಡಿ ಮಣ್ಣು ಹಾಕಲಿಲ್ಲ. ನೋಡದೆ ಹೇಗೆ ಹೇಳಲಿ, ಸತ್ತಳು ಅಂತ?

ಬೇಡ, ಕೊಕ್ಕೆ ಕೀಳಬೇಡಿ. ಇರಲಿ.

ಅಂಗಡಿ ಸ್ವಲ್ಪ ಹೊತ್ತು ಮುಚ್ಚಿ ನನ್ನ ಜೊತೆ ಕಾರ್ಕಳಕ್ಕೆ ಬರ್ತೀರಾ? ಅತ್ತೆಗೆ ನಾನೇ ಹೇಳ್ತೇನೆ. ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು.