ದಾರದ ಇನ್ನೊಂದು ತುದಿ

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಿದರೆ ನಾನು ಎದ್ದು ಹೋಗುತ್ತೇನೆ. ಇದು ಎಲ್ಲೋ ಕೇಳಿದ್ದಲ್ಲ. ಕೊಡಿಗೇಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೆಕ್ಯಾನಿಕ್ ಖಾದರ್ ಬಾಷಾಗೆ ಆದದ್ದು. ಎಂಬತ್ತೆರಡನೇ ಇಸವಿ.

ಆ ಸೋಮವಾರ ರಾತ್ರಿ ಬಾಷಾ ಹೆಬ್ಬಾಳದ ತನ್ನ ಗ್ಯಾರೇಜು ಮುಚ್ಚಿ ನಡೆದೇ ಮನೆಗೆ ಹೊರಟಿದ್ದ. ದಾರಿಯ ತಿರುವಿನಲ್ಲಿ ದೊಡ್ಡ ಬಾವಿ. ಹಿಂದಿನ ಸಂಜೆಯಷ್ಟೇ ಮುನಿಆಂಜಿನಪ್ಪನ ಅಂಬಾಸಿಡರ್ ಟ್ಯಾಕ್ಸಿ ಅದರೊಳಗೆ ಬಿದ್ದಿತ್ತು. ಬೆಳಗ್ಗೆ ಗಾಡಿಯನ್ನೂ ಅವನ ಹೆಣವನ್ನೂ ಮೇಲೆತ್ತಿದ್ದರು. ಕುಡಿದಿದ್ದ ಎಂದಿತು ಊರು. ಅವನು ಕುಡಿಯುವವನಲ್ಲ. ಗಾಡಿ ಬಿದ್ದದ್ದು ಯಾಕೆಂದು ಬಾಷಾಗೊಬ್ಬನಿಗೇ ಗೊತ್ತು.

ಶನಿವಾರ ಅದು ಗ್ಯಾರೇಜಿಗೆ ಬಂದಿತ್ತು. ಹಿಂದಿನ ಚಕ್ರಗಳು ಸೊಟ್ಟ. ಸರಿಯಾದ ಗಾಡಿ ಮಣ್ಣಿನಲ್ಲಿ ಎರಡೇ ಗೆರೆ ಎಳೆಯುತ್ತದೆ. ಇದು ನಾಲ್ಕು ಎಳೆಯುತ್ತಿತ್ತು. ಚಕ್ರ ನೇರ ಇದೆಯಾ ನೋಡಲು ಆಗೆಲ್ಲ ಮಷೀನು ಎಲ್ಲಿ ಬಂತು? ಹಿಂದಿನ ಟೈರಿಗೆ ದಾರ ತಾಗಿಸಿ ಮುಂದಿನ ಟೈರಿನವರೆಗೆ ಎಳೆದು, ಅಲ್ಲಿನ ಸಂದಿಗೆ ಬೆರಳಿಟ್ಟು ನೋಡುವುದು. ಎರಡೂ ಪಕ್ಕ ಒಂದೇ ಸಮ ಇರಬೇಕು. ಒಂದು ತುದಿ ಬಾಷಾ ಹಿಡಿದಿದ್ದ, ಇನ್ನೊಂದು ಮುನಿಆಂಜಿನಪ್ಪ. ಹಿಂದಿನ ಚಕ್ರಗಳ ಆಕ್ಸಲ್ ಸರಿಸಿ ನೇರ ಕೂರಿಸಿದ್ದೂ ಆಯಿತು. ಆದರೆ ಅದು ಜರುಗದಂತೆ ಹಿಡಿಯುವ ಬೋಲ್ಟು ತುಂಡಾಗಿತ್ತು. ಅಂಗಡಿ ಮುಚ್ಚಿತ್ತು. ಬಾಷಾ ಕೈಗೆ ಸಿಕ್ಕ ಹಳೆಯ ತೆಳು ಬೋಲ್ಟೊಂದನ್ನು ತುರುಕಿದ.

"ನಾಳೆ ಮದ್ವೆ ಬಾಡಿಗೆ ಐತೆ ಭಾಯ್. ತಡೀತದಾ?"

"ತಡೀತದೆ, ಹೋಗು. ಸೋಮವಾರ ತಗೊಂಬಾ, ಹೊಸಾದು ಹಾಕ್ಕೊಡ್ತೀನಿ."

ತಡೆಯಲಿಲ್ಲ.

ಸುದ್ದಿ ತಿಳಿಯುವ ಮೊದಲೇ ಯಶವಂತಪುರಕ್ಕೆ ಹೋಗಿ ತಂದಿದ್ದ ಹೊಸ ಬೋಲ್ಟು ಈಗಲೂ ಬಾಷಾನ ಜೇಬಿನಲ್ಲಿತ್ತು. ಜೊತೆಗೆ ದಾರದ ಉಂಡೆ.

ಬಾವಿ ದಾಟಿದ... ಹಿಂದೆ ಸದ್ದು. ಎಂಜಿನ್ನಿನದಲ್ಲ. ಟೈರು ಓರೆಯಾಗಿ ಮಣ್ಣು ಉಜ್ಜುವ ಸದ್ದು. ಸ್ಸರಕ್... ಸ್ಸರಕ್... ನಡುವೆ ಸ್ಪ್ರಿಂಗ್ ಪಟ್ಟಿಯ ಕಿರ್ಕ್. ಬೆನ್ನ ಹಿಂದೆಯೇ ಬಂದು ನಿಂತಿತು.

ಜೇಬಿನಲ್ಲಿ ಉಂಡೆ ಮೆಲ್ಲಗೆ ಉರುಳತೊಡಗಿತು. ದಾರ ಬಿಚ್ಚಿಕೊಂಡು ಹಿಂದಕ್ಕೆ ಹೋಗುತ್ತಿದೆ... ಗಬಕ್ಕನೆ ತುದಿ ಹಿಡಿದ. ಆ ಕಡೆಯಿಂದ ದಾರ ಬಿಗಿಯಾಯಿತು.

"ಇಡ್ಕಂಡಿವ್ನಿ ಭಾಯ್..." ಪಿಸುದನಿ. "ನೋಡು."

ಬಾಷಾ ಮಂಡಿಯೂರಿದ. ಬೇರೇನು ಮಾಡಿಯಾನು ಪಾಪ, ಕೈಗೆ ಅದೊಂದೇ ಗೊತ್ತು. ಕತ್ತಲಲ್ಲಿ ತಡವಿದ. ತಣ್ಣಗೆ, ಒದ್ದೆ ರಬ್ಬರು. ಈ ಪಕ್ಕ ಮೂರು ಬೆರಳು ಸಂದಿ. ಆ ಪಕ್ಕ ಉಗುರೂ ತೂರದು. ಬೋಲ್ಟು ಹಿಡಿದು ಗಾಡಿಯಡಿಗೆ ತೆವಳಿದ. ಬೋಲ್ಟು ಕೂರುವ ತೂತು ಹುಡುಕಿದ, ಹುಡುಕಿದ... ಕೈಗೆ ಬರೀ ಕೆಸರು.

"ಆಗ್ತಿಲ್ಲ ಕಣಪ್ಪಾ... ತಪ್ಪು ನಂದೇ," ಎಂದು ಬಿಕ್ಕಿದ.

ದಾರ ಸಡಿಲವಾಯಿತು. ಆಮೇಲೆ, ಸ್ವಲ್ಪವೂ ಸಿಟ್ಟಿಲ್ಲದೆ, "ಇರ್ಲಿ ಬುಡು ಭಾಯ್. ಸೋಮವಾರ ತತ್ತೀನಿ."

ತಂದ. ಪ್ರತಿ ಸೋಮವಾರ. ಬಾಷಾ ದಾರಿ ಬದಲಿಸಿದ, ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸಿಕೊಂಡ. ಗ್ಯಾರೇಜಿಗೆ ರಜಾ ಹಾಕಿ ಮನೆಯಲ್ಲೇ ಕೂತರೆ ಬಾಗಿಲ ಮುಂದೆಯೇ ಸ್ಸರಕ್... ಹೆಂಡತಿ ಶಹರ್ಬಾನು ಕೈ ಹಿಡಿದು ಎಳೆದರೂ ದಾರ ತೆಗೆದುಕೊಂಡು ಎದ್ದು ಹೋಗುತ್ತಿದ್ದ. ಒಂದು ಸಲವೂ ಆ ಬೋಲ್ಟು ಕೂರಲಿಲ್ಲ.

ಎಂಬತ್ತೈದರ ಹೊತ್ತಿಗೆ ಆ ಬಾವಿಯೂ ಬತ್ತಿತು. ಒಳಗಿಳಿದು ಮಕ್ಕಳು ಗೋಲಿ ಆಡುತ್ತಿದ್ದರು. ಆಗಲೂ ಪ್ರತಿ ಮಂಗಳವಾರ ಬೆಳಗ್ಗೆ ಶಹರ್ಬಾನು ಅಂಗಳದ ತಂತಿಯ ಮೇಲೆ ಆ ದಾರ ಹರವುತ್ತಿದ್ದಳು. ಸುಳ್ಳಲ್ಲ, ನಾನೇ ಮುಟ್ಟಿ ನೋಡಿದ್ದೇನೆ. ಒಂದು ತುದಿ ಒಣಗಿತ್ತು. ಇನ್ನೊಂದು ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.