ಪ್ರಶಸ್ತಿ ಸಮಾರಂಭದ ತುಣುಕಿನಲ್ಲಿ ಕಂಡ ಮುಖದ ಬಗ್ಗೆ

ಹೇಳಿಕೆ ಕೊಡುವ ನಾನು, ವಯಸ್ಸು ಇಪ್ಪತ್ತೇಳು, ವಿಶ್ವವಿದ್ಯಾಲಯದ ಚಲನಚಿತ್ರ ಮತ್ತು ಮಾಧ್ಯಮ ಕಲೆ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ, ಏಳು ತಿಂಗಳ ಹೆಣ್ಣುಮಗುವಿನ ತಾಯಿ, ವಾಸ ವಿಶ್ವವಿದ್ಯಾಲಯದ ಹಿಂಬದಿ ರಸ್ತೆಯ ಬಾಡಿಗೆ ಮನೆ, ಖುದ್ದಾಗಿ ಠಾಣೆಗೆ ಬಂದು ತಮ್ಮ ಗಮನಕ್ಕೆ ತರುವುದು ಇಷ್ಟು.

ಈ ರಾತ್ರಿ 1.40ಕ್ಕೆ ದಿಂಬಿನ ಕೆಳಗಿದ್ದ ಫೋನು ಗುರ್ರೆಂದ ಸದ್ದಿಗೆ ನನಗೆ ಎಚ್ಚರವಾಯಿತು. ಬರೆದುಕೊಳ್ಳುತ್ತಿರುವ ಮೇಡಂ, ‘ಮೊದಲಿಂದ ಹೇಳಮ್ಮ, ಮಧ್ಯದಿಂದ ಶುರು ಮಾಡಿದ್ರೆ ನಾನೇನಂತ ಬರ್ಕೊಳ್ಳಿ’ ಎಂದಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಹೆಂಗಸಿನ ಬಗ್ಗೆ ನಾನು ಮತ್ತು ನನ್ನ ಸಹಪಾಠಿ ಸಾಕ್ಷ್ಯಚಿತ್ರ ಮಾಡಿದ್ದೇವೆ. ಆಕೆಯನ್ನು ಅಕ್ಕ ಎಂದೇ ಕರೆಯುತ್ತೇನೆ. ಹೊಡೆಯುವ ಗಂಡನನ್ನು ಬಿಟ್ಟು ಬಂದು ಮಹಿಳಾ ಆಶ್ರಯಗೃಹದಲ್ಲಿದ್ದಾರೆ. ಅದು ಎಲ್ಲಿದೆಯೆಂದು ನನಗೂ ಹೇಳಿಲ್ಲ, ಅಲ್ಲಿನ ಫೋನ್ ನಂಬರು ಮಾತ್ರ ಇದೆ. ಮುಖವನ್ನು ಮಸುಕು ಮಾಡುತ್ತೇವೆಂದು ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು. ‘ಹಂಗಾದ್ರೆ ಪೌಡರ್ ಖರ್ಚು ಉಳೀತು ಬಿಡು’ ಎಂದು ನಕ್ಕಿದ್ದರು. ಚಿತ್ರೀಕರಣದ ಬಿಡುವಿನಲ್ಲಿ ನನ್ನ ಮಗು ಅವರ ತೊಡೆಯ ಮೇಲೇ ಮಲಗುತ್ತಿತ್ತು. ಬೇರೆ ಯಾರ ಹತ್ತಿರವೂ ಮಲಗುವುದಿಲ್ಲ.

ನಿನ್ನೆ ವಿಭಾಗದ ವಿದ್ಯಾರ್ಥಿ ಪ್ರಶಸ್ತಿ ಸಮಾರಂಭವಿತ್ತು. ಬಹುಮಾನ ಘೋಷಿಸುವಾಗ ತೆರೆಯ ಮೇಲೆ ತೋರಿಸಲು ಇಪ್ಪತ್ತು ಸೆಕೆಂಡಿನ ತುಣುಕು ಬೇಕೆಂದು ಮಧ್ಯಾಹ್ನ ಕೇಳಿದರು. ಎಡಿಟಿಂಗ್ ಮಾಡುವ ಈ ಸಹಪಾಠಿಯನ್ನು ನಾವೆಲ್ಲ ಕತ್ತರಿ ಎನ್ನುತ್ತೇವೆ. ಮಸುಕು ಎಂಬುದು ದೃಶ್ಯದ ಮೇಲೆ ಹೊದಿಸುವ ಬೇರೆಯೇ ಪದರ. ಅದಿದ್ದರೆ ನಮ್ಮ ಕಂಪ್ಯೂಟರು ಎತ್ತಿನಗಾಡಿಯಾಗುತ್ತದೆ. ಆದ್ದರಿಂದ ಕೆಲಸ ಮಾಡುವಾಗ ಅದನ್ನು ಆಫ್ ಮಾಡಿಟ್ಟು ಕೊನೆಯಲ್ಲಿ ಮತ್ತೆ ಹಾಕುವುದು ನಮ್ಮಲ್ಲಿ ರೂಢಿ. ಸ್ಪರ್ಧೆಗೆ ಕೊಟ್ಟ ಚಿತ್ರದಲ್ಲಿ ಹಾಕಿದ್ದೆವು. ನಿನ್ನೆ ಅವಸರದಲ್ಲಿ ಹಾಕಲಿಲ್ಲ. ‘ಒಂದ್ಸಲ ನೋಡ್ಬಿಡೇ’ ಎಂದು ಕತ್ತರಿ ಕರೆದಳು. ನಾನು ಕಾರಿಡಾರಿನಲ್ಲಿ ಮಗುವಿನ ಬಟ್ಟೆ ಬದಲಿಸುತ್ತಿದ್ದೆ. ‘ನೋಡೋದೇನಿದೆ, ಕಳ್ಸೇ’ ಎಂದೆ.

ಸಂಜೆ 7.10ಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ನಮ್ಮದನ್ನು ಕರೆದರು. ತೆರೆಯ ತುಂಬ ಅಕ್ಕನ ಮುಖ ಬಂತು, ಹುಬ್ಬಿನ ಮೇಲಿನ ಗಾಯದ ಗುರುತು ಸಮೇತ. ಬೆನ್ನ ಹಿಂದೆ ಕಾರ್ಖಾನೆಯ ಗೇಟು, ಗೇಟಿನ ಮೇಲೆ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಮಾರಂಭ ಇಂಟರ್ನೆಟ್ಟಿನಲ್ಲಿ ನೇರವಾಗಿ ಹೋಗುತ್ತಿತ್ತು. ನಾನು ವೇದಿಕೆಗೆ ಹೋಗದೆ ಪ್ರೊಜೆಕ್ಟರ್ ಕೋಣೆಗೆ ಓಡಿದೆ. ಅಲ್ಲಿದ್ದವರು, ‘ಹೋಗಿರೋದನ್ನ ಹೆಂಗಮ್ಮ ವಾಪಸ್ ಎಳೀಲಿ’ ಎಂದರು. ವಿಭಾಗದ ಮುಖ್ಯಸ್ಥರು ಮೊದಲು ಫೋಟೋಗೆ ನಿಲ್ಲಬೇಕೆಂದೂ ವಿಡಿಯೋವನ್ನು ಆಮೇಲೆ ತೆಗೆಸೋಣವೆಂದೂ ತಿಳಿಸಿದರು. ಅದನ್ನು ಇಂಟರ್ನೆಟ್ಟಿನಿಂದ ತೆಗೆಸುವಾಗ ಒಂಬತ್ತು ದಾಟಿತ್ತು.

ಆಶ್ರಯಗೃಹದಲ್ಲಿ ಎಲ್ಲರ ಫೋನನ್ನೂ ವಾರ್ಡನ್ ತೆಗೆದಿಡುತ್ತಾರೆ. ಆದ್ದರಿಂದ ವಾರ್ಡನ್‌ಗೇ ಫೋನ್ ಮಾಡಿದೆ. ‘ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಕಣಮ್ಮ’ ಎಂದರು. ಇದ್ದಾರೆ, ಒಂದು ಮಾತು ಮುಟ್ಟಿಸಿ ಸಾಕು ಎಂದು ಅತ್ತೆ. ‘ಗಂಡಂದಿರು ಅವರ ಅಕ್ಕತಂಗೀರ ಕೈಲೂ ಫೋನ್ ಮಾಡ್ಸಿ ಹಿಂಗೇ ಅಳಿಸ್ತಾರೆ’ ಎಂದು ಇಟ್ಟುಬಿಟ್ಟರು. ಅವರದು ತಪ್ಪಲ್ಲ. ಪೊಲೀಸರನ್ನು ಬಿಟ್ಟು ಯಾರು ಕೇಳಿದರೂ ಇಲ್ಲವೆನ್ನುವುದು ಅಲ್ಲಿನ ನಿಯಮ. ಅಕ್ಕ ಇಷ್ಟು ದಿನ ಬದುಕಿರುವುದೇ ಅದರಿಂದ.

ನನ್ನ ಗಂಡ, ‘ಬೆಳಿಗ್ಗೆ ನೋಡೋಣ ಮಲ್ಕೋ. ಮಗು ತೇಗಿದ್ರೂ ಡಾಕ್ಟ್ರಿಗೆ ಫೋನ್ ಮಾಡೋಳು ನೀನು’ ಎಂದರು. ಅದು ನಿಜ. ಹೆರಿಗೆಯಾದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಆದರೆ ಇದು ಆ ಭಯವಲ್ಲ.

1.40ಕ್ಕೆ ಫೋನಿನಲ್ಲಿ ಕೇಳಿದ್ದು ಗಂಡಸಿನ ದನಿ. ನಮ್ಮ ಚಿತ್ರದ ಪೋಸ್ಟರಿನಲ್ಲಿ ನನ್ನ ನಂಬರಿದೆ. ‘ಪ್ರಶಸ್ತಿ ಬಂತಂತೆ ಮೇಡಂ, ಬಹಳ ಸಂತೋಷ. ನಮ್ಮನೆಯವಳನ್ನ ಚೆನ್ನಾಗಿ ತೋರಿಸಿದ್ದೀರ, ದೊಡ್ಡ ಉಪಕಾರ ಆಯ್ತು’ ಎಂದನು. ಹಿಂದೆ ಬಸ್ ನಿಲ್ದಾಣದ ಧ್ವನಿವರ್ಧಕ ಕೂಗುತ್ತಿತ್ತು. ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ‘ಪಾಪು ಅಳ್ತಿದೆ, ನೋಡ್ಕೊಳ್ಳಿ’ ಎಂದು ಇಟ್ಟನು. ಮಗುವನ್ನು ಎತ್ತಿಕೊಂಡು ನೇರ ಇಲ್ಲಿಗೆ ಬಂದೆ.

ಇಲ್ಲಿರುವುದೆಲ್ಲ ನನ್ನ ಬಾಯಿಂದಲೇ ಬಂದದ್ದು, ಯಾರೂ ಹೇಳಿಕೊಟ್ಟಿಲ್ಲ. ಓದಿಸಿ ಕೇಳಿದೆ, ಸರಿಯಿದೆ.

ಸ್ಥಳ: ಠಾಣೆಯ ಮುಂಗೋಣೆ
ದಿನಾಂಕ: ಸಮಾರಂಭದ ಮಾರನೆಯ ದಿನ, ಬೆಳಗಿನ ಜಾವ 3.30
ಹೇಳಿಕೆ ಕೊಟ್ಟವಳ ಸಹಿ

ಸಹಿಯ ಕೆಳಗೆ ನಾನೇ ಬರೆಯುತ್ತಿರುವುದು: ಈ ಕಾಗದ ಸಾಹೇಬರ ಮೇಜಿಗೆ ಹೋಗುತ್ತದೆ, ಅವರು ಒಂಬತ್ತಕ್ಕೆ ಬರುತ್ತಾರೆ ಎಂದು ಮೇಡಂ ಹೇಳುತ್ತಿದ್ದಾರೆ. ಅಕ್ಕ ಐದೂವರೆಗೇ ಕೆಲಸಕ್ಕೆ ಹೊರಡುತ್ತಾರೆ. ನಾನು ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲಬಹುದು. ಆದರೆ ಆತನೂ ಅಲ್ಲೇ ನಿಂತಿರುತ್ತಾನೆ, ಅಕ್ಕ ಮಗುವನ್ನು ಕಂಡರೆ ನಗುತ್ತಾ ನೇರ ನನ್ನತ್ತಲೇ ಬರುತ್ತಾರೆ. ಆಶ್ರಯಗೃಹದ ನಂಬರು ಈ ಕಾಗದದ ಹಿಂಬದಿಯಲ್ಲಿದೆ. ನಾನು ಮಾಡಿದರೆ ಇಟ್ಟುಬಿಡುತ್ತಾರೆ, ಠಾಣೆಯಿಂದ ಮಾಡಿದರೆ ಅಕ್ಕನನ್ನು ಎಬ್ಬಿಸುತ್ತಾರೆ. ಇವತ್ತು ಹೊರಗೆ ಹೋಗಬೇಡ ಎಂದರೆ ಸಾಕು. ಇದನ್ನು ಓದುತ್ತಿರುವವರು ಯಾರೇ ಆಗಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಕು ಹರಿಯುವ ಮೊದಲು ಒಂದು ಫೋನ್ ಮಾಡಿ.