ಮೂರನೇ ಅಧ್ಯಾಯ ನಲವತ್ತೊಂದನೇ ಪುಟದಿಂದ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಿದ ಪ್ರವೇಶ ಸಮಿತಿಯ ಮುಖ್ಯಸ್ಥರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನ ಪ್ರಾಧ್ಯಾಪಕರೇ, ಹಿಂದಿನ ಸಾಲಿನ ವಿದ್ಯಾರ್ಥಿಗಳೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವ ಆಫೀಸಿನವರೇ, ಎಲ್ಲ ಸಭಿಕರೇ,

ನಾನು ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಇದರ ಎತ್ತರ ಸರಿಮಾಡಲು ಬರುವುದಿಲ್ಲ, ಆದ್ದರಿಂದ ನಾನೇ ಸ್ವಲ್ಪ ತುದಿಗಾಲಲ್ಲಿ ನಿಂತಿದ್ದೇನೆ. ನಡುವೆ ನನ್ನ ತಲೆ ಕಾಣದಂತಾದರೆ ಭಾಷಣ ಮುಗಿಯಿತು ಎಂದುಕೊಳ್ಳಬೇಡಿ, ಕಾಲು ನೋವು ಬಂದಿರುತ್ತದೆ ಅಷ್ಟೇ.

ನಿಮ್ಮಲ್ಲಿ ಅನೇಕರಿಗೆ ನಾನು ಯಾರೆಂದು ಗೊತ್ತಿಲ್ಲದಿರಬಹುದು. ಆದರೆ ನಿಮ್ಮ ಪ್ರಬಂಧಗಳು ನನಗೆ ಗೊತ್ತು. ಈ ಕಟ್ಟಡದ ಹಿಂದಿನ ಗೇಟಿನ ಎದುರು ಇರುವ ಬೈಂಡಿಂಗ್ ಅಂಗಡಿ ನಮ್ಮದು. ನನ್ನ ಅಪ್ಪ ಅದನ್ನು ಶುರು ಮಾಡಿದರು. ಅವರ ಕಣ್ಣು ಮಂಜಾದ ಮೇಲೆ, ನನ್ನ ಹತ್ತೊಂಬತ್ತನೇ ವಯಸ್ಸಿನಿಂದ ಹನ್ನೊಂದು ವರ್ಷ ನಾನು ನಡೆಸುತ್ತಿದ್ದೇನೆ. ಇಲ್ಲಿ ಸಂಶೋಧನಾ ಸ್ನಾತಕೋತ್ತರ ಪದವಿ ಪಡೆದ ಪ್ರತಿಯೊಬ್ಬರ ಪ್ರಬಂಧದ ಬೆನ್ನಿಗೂ ನನ್ನ ಕೈ ತಾಗಿದೆ. ಅದಕ್ಕಾಗಿಯೇ ಇಂದು ನನಗೂ ಒಂದು ಫಲಕ ಕೊಟ್ಟಿದ್ದೀರಿ. ಇಂಥ ಗೌರವಕ್ಕೆ ನಾನು ಅರ್ಹಳೇ? ನಾಲ್ಕನೇ ತರಗತಿ ಓದಿದವಳು. ಅರ್ಹತೆಯ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಆದರೂ ಅರ್ಹತೆಯ ಬಗ್ಗೆಯೇ ಎರಡು ಮಾತು ಹೇಳಬೇಕಾಗಿದೆ.

ಸನ್ಮಾನಿತರ ಹತ್ತು ವರ್ಷಗಳ ಸೇವೆಯನ್ನು ನನಗಿಂತ ಮೊದಲು ಮಾತಾಡಿದವರು ಹೊಗಳಿದರು. ಈ ವರ್ಷ ನೂರನಲವತ್ತು ಮಂದಿ ಅರ್ಜಿ ಹಾಕಿದರಂತೆ, ಮೂರು ಮಂದಿಗೆ ಪ್ರವೇಶ ಸಿಕ್ಕಿತಂತೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆಮೇಲೆ ನೋಡಿದರೆ, ಆ ನೂರಮೂವತ್ತೇಳು ಮಂದಿಯಲ್ಲಿ ನಮ್ಮ ಅಕ್ಕನೂ ಒಬ್ಬಳು ಎಂದು ನೆನಪಾಯಿತು.

ಅಕ್ಕನ ಮಾತು ಎತ್ತಬಾರದು ಎಂದು ಅಕ್ಕನೇ ಹೇಳಿ ಕಳಿಸಿದ್ದಾಳೆ. "ಅಲ್ಲಿ ಹೋಗಿ ನನ್ನ ಹೆಸರು ಎತ್ತಿದ್ರೆ ನೋಡು, ಮನೆಗೆ ಸೇರ್ಸಲ್ಲ" ಅಂದಳು. "ಇಲ್ಲ ಕಣಕ್ಕಾ, ಎತ್ತಲ್ಲ" ಅಂದೆ. ಹೆಸರು ಎತ್ತಿಲ್ಲ, ನೀವೇ ಸಾಕ್ಷಿ.

ಅವಳ ಮೇಲ್ಮನವಿ ಇವತ್ತು ನಾಲ್ಕು ಗಂಟೆಗೆ ಸಮಿತಿಯ ಮುಂದೆ ಬರುತ್ತದೆ. ಈ ಕಾರ್ಯಕ್ರಮ ಮುಗಿದ ಕೂಡಲೇ, ಮೇಲಿನ ಮಹಡಿಯಲ್ಲಿ. ಪ್ರವೇಶಕ್ಕೆ ಮೂವತ್ತಮೂರು ವರ್ಷ ಮೀರಿರಬಾರದು ಎಂಬ ನಿಯಮವಿದೆ. ಅಕ್ಕನಿಗೆ ಬರುವ ತಿಂಗಳು ಮೂವತ್ತಮೂರು ತುಂಬಿ ಮೂವತ್ತನಾಲ್ಕು ಶುರುವಾಗುತ್ತದೆ. ಈ ಬಾರಿ ಇಲ್ಲವೆಂದರೆ ಮುಂದೆ ಎಂದೂ ಇಲ್ಲ. ನನ್ನ ಕೈಗಡಿಯಾರದಲ್ಲಿ ಈಗ ಮೂರು ನಲವತ್ತು.

ಸಭಿಕರೇ, ಅರ್ಹತೆಯ ನಿಯಮಗಳನ್ನು ನಾನು ಮೊದಲ ಬಾರಿ ಪೂರ್ತಿ ಓದಿದ್ದು ಅಕ್ಕನ ಅರ್ಜಿಗಾಗಿ. ಎಂಥ ನಿಯಮಗಳು! ಆರಿಸಿಕೊಂಡ ವಿಷಯವನ್ನು ಹಿಂದೆ ಯಾರೂ ಮುಟ್ಟಿರಬಾರದು ಎಂದು ಒಂದು ಪುಟದಲ್ಲಿದೆ. ಅದೇ ವಿಷಯದ ಮೇಲೆ ಹಿಂದೆ ಬಂದ ನಲವತ್ತು ಪುಸ್ತಕಗಳ ಪಟ್ಟಿ ಲಗತ್ತಿಸಿ ಎಂದು ಅದರ ಮಗ್ಗುಲ ಪುಟದಲ್ಲಿದೆ. ಸಂಶೋಧನೆಯಿಂದ ಏನು ಕಂಡುಬರುತ್ತದೆ ಎಂಬುದನ್ನು ಇನ್ನೂರು ಪದಗಳಲ್ಲಿ ಮೊದಲೇ ಬರೆದುಕೊಡಬೇಕಂತೆ. ಏನು ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಹುಡುಕಲು ಹೊರಡುವುದೇಕೆ? ನಾನು ಓದಿಲ್ಲದವಳು, ತಿಳಿಯದೆ ಕೇಳುತ್ತಿದ್ದೇನೆ. ಓದಿದ ಅಕ್ಕನನ್ನೂ ಕೇಳಿದೆ. "ಸುಮ್ನೆ ದಾರ ಹಿಡ್ಕೊ" ಅಂದಳು.

ಪದವಿ ಮುಗಿದ ಮೇಲೆ ಒಂಬತ್ತು ವರ್ಷ ಎಲ್ಲಿದ್ದಿರಿ ಎಂಬುದಕ್ಕೆ ಕೆಲಸ ಕೊಟ್ಟವರಿಂದ ಪ್ರಮಾಣಪತ್ರ ತರಬೇಕಿತ್ತು. ಅವಳು ಇದ್ದದ್ದು ನಮ್ಮ ಅಂಗಡಿಯಲ್ಲಿ, ನನ್ನ ಪಕ್ಕದ ಮಣೆಯ ಮೇಲೆ. ಅಂಗಡಿ ನನ್ನ ಹೆಸರಲ್ಲಿದೆ. ಆದ್ದರಿಂದ ನಾಲ್ಕನೇ ತರಗತಿಯವಳು ಎರಡು ಪದವಿಯವಳಿಗೆ ಪ್ರಮಾಣಪತ್ರ ಬರೆದುಕೊಟ್ಟೆ. "ಇವರು ನಮ್ಮಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಾರೆ. ನಡತೆ ತೃಪ್ತಿಕರ."

ಅಕ್ಕ ಓದಿ, "ತೃಪ್ತಿಕರಾನಾ? ಅಷ್ಟೇನಾ?" ಅಂದಳು.

"ಬೆಳಗ್ಗೆ ಕಾಫಿ ನೀನು ಒಬ್ಳೇ ಕುಡ್ದೆ. ಅದಕ್ಕೆ ಅಷ್ಟೇ" ಅಂದೆ.

ನಾವಿಬ್ಬರೂ ಹೀಗೆಯೇ. ನಾನು ಶಾಲೆ ಬಿಟ್ಟದ್ದೂ ಹೀಗೇ ತಮಾಷೆಯಲ್ಲಿ. ಅಪ್ಪನ ಜೊತೆ ಕೂತು ಹೊಲಿಯಲು ಇಬ್ಬರಲ್ಲಿ ಒಬ್ಬರು ಬೇಕಾಗಿತ್ತು. ಅಮ್ಮ ಇಬ್ಬರನ್ನೂ ಕರೆದು ಸೂಜಿಗೆ ದಾರ ಪೋಣಿಸಲು ಹೇಳಿದಳು. ನಾನು ಒಂದೇ ಏಟಿಗೆ ಪೋಣಿಸಿದೆ. ಗೆದ್ದೆ ಎಂದು ಕುಣಿದೆ. ಮರುದಿನದಿಂದ ಅಕ್ಕ ಶಾಲೆಗೆ ಹೋದಳು, ನಾನು ಅಂಗಡಿಗೆ ಹೋದೆ. ಅಕ್ಕ ಬೇಕೆಂದೇ ದಾರವನ್ನು ಸೂಜಿಯ ಪಕ್ಕಕ್ಕೆ ಒಯ್ದಳೇ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಅವಳು ಸಂಜೆ ಬಂದು, ನಾನು ಹೊಲಿಯುವ ಪ್ರಬಂಧಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ನನ್ನ ವಿದ್ಯಾಭ್ಯಾಸ ಹಾಗೆ ನಡೆಯಿತು. ಕ್ಷಮಿಸಿ, ಇದು ಕಾರ್ಯಕ್ರಮಕ್ಕೆ ಸಂಬಂಧಿಸಿದ್ದಲ್ಲ.

ಸಂಬಂಧಿಸಿದ್ದು ಬಣ್ಣದ ವಿಷಯ. ಪ್ರಬಂಧದ ಅಂಚಿಗೆ ಕೆಂಪು ಬಣ್ಣ ಇರಲೇಬೇಕು ಎಂಬುದು ನಿಮ್ಮದೇ ನಿಯಮ. ಆ ಬಣ್ಣದಲ್ಲಿ ಸ್ವಲ್ಪ ಅಂಟು ಬೆರೆಸಿರುತ್ತೇವೆ. ಒಣಗಿದ ಮೇಲೆ ಹಾಳೆಗಳು ಒಂದಕ್ಕೊಂದು ಕೂದಲೆಳೆಯಷ್ಟು ಅಂಟಿಕೊಂಡಿರುತ್ತವೆ. ಮೊದಲ ಬಾರಿ ಬಿಡಿಸಿದಾಗ ಟಿಕ್ ಎಂದು ಸಣ್ಣ ಸದ್ದು ಬರುತ್ತದೆ. ಒಮ್ಮೆ ಬಿಡಿಸಿದ ಹಾಳೆ ಮತ್ತೆ ಅಂಟುವುದಿಲ್ಲ. ಪರೀಕ್ಷಕರು ನೋಡಿದ ಪ್ರತಿಗಳು ಬೆನ್ನಿಗೆ ಚಿನ್ನದ ಅಕ್ಷರ ಒತ್ತಿಸಿಕೊಳ್ಳಲು ಮರಳಿ ನಮ್ಮ ಅಂಗಡಿಗೇ ಬರುತ್ತವೆ. ಆದ್ದರಿಂದ ಯಾರ ಪ್ರಬಂಧವನ್ನು ಯಾರು ಯಾವ ಪುಟದವರೆಗೆ ಓದಿದ್ದಾರೆ ಎಂಬುದು, ಹೇಳಲು ನಾಚಿಕೆಯಾಗುತ್ತದೆ, ನನಗೆ ಗೊತ್ತಾಗಿಬಿಡುತ್ತದೆ. ಡಾಕ್ಟರಿಗೆ ಊರವರ ಕಾಯಿಲೆ ಗೊತ್ತಿರುವ ಹಾಗೆ. ಯಾರಿಗೂ ಹೇಳಿದವಳಲ್ಲ.

ಹನ್ನೊಂದು ವರ್ಷದ ಹಿಂದೆ, ನಾನು ಅಂಗಡಿ ವಹಿಸಿಕೊಂಡ ಹೊಸತರಲ್ಲಿ, ಒಂದು ತಪ್ಪು ಮಾಡಿದೆ. ಒಂದೇ ದಿನ ಎರಡು ಪ್ರಬಂಧ ಬಂದಿದ್ದವು. ಒಂದು ಇರುವೆಗಳ ಓಡಾಟದ ಬಗ್ಗೆ. ಇನ್ನೊಂದು ಬಸ್ ನಿಲ್ದಾಣದ ಪ್ರಯಾಣಿಕರ ಬಗ್ಗೆ. ಟೈಪ್ ಮಾಡಿದವರು ಒಬ್ಬರೇ. ಮೂರನೇ ಅಧ್ಯಾಯ ನಲವತ್ತೊಂದನೇ ಪುಟದಲ್ಲೇ ಶುರುವಾಗಿ ಎಪ್ಪತ್ತೆಂಟರಲ್ಲೇ ಮುಗಿಯಬೇಕು, ಶೀರ್ಷಿಕೆ 'ಫಲಿತಾಂಶಗಳು' ಎಂದೇ ಇರಬೇಕು ಎಂಬ ನಿಯಮ ಆಗಲೂ ಇತ್ತು. ಎರಡು ಕಟ್ಟುಗಳೂ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಇಟ್ಟು ಹೊಲಿದುಬಿಟ್ಟೆ. ಎಲ್ಲ ಪ್ರತಿಗಳಲ್ಲೂ.

ಗೊತ್ತಾದದ್ದು ಚಿನ್ನದ ಅಕ್ಷರಕ್ಕೆ ಮರಳಿ ಬಂದಾಗ. ಅಕ್ಕ ಸುಮ್ಮನೆ ಬಿಡಿಸಿ ಗಟ್ಟಿಯಾಗಿ ಓದಿದಳು. ಶೇಕಡಾ ಅರವತ್ತನಾಲ್ಕರಷ್ಟು ಇರುವೆಗಳು ಕಿಟಕಿ ಪಕ್ಕದ ಸೀಟು ಬಯಸುತ್ತವೆ ಎಂದಾಗಿಬಿಟ್ಟಿತ್ತು. ಇನ್ನೊಂದರಲ್ಲಿ, ಮುಂದಿನ ಪ್ರಯಾಣಿಕ ಬಿಟ್ಟುಹೋದ ವಾಸನೆಯನ್ನು ತಲೆಯ ಮೇಲಿನ ಮೀಸೆಗಳಿಂದ ಮೂಸುತ್ತಾ ಉಳಿದವರು ಸಾಲಾಗಿ ಹಿಂಬಾಲಿಸುತ್ತಾರೆ ಎಂದಾಗಿಬಿಟ್ಟಿತ್ತು. ಅದು ಅರ್ಧ ನಿಜ ಎಂದು ಅಕ್ಕ ವಾದ ಮಾಡಿದಳು. ಆದರೆ ನಾವು ನಗು ನಿಲ್ಲಿಸಿದ್ದು ಪ್ರತಿಯೊಳಗೆ ಇಟ್ಟಿದ್ದ ಪರೀಕ್ಷಕರ ವರದಿ ನೋಡಿ. "ಮೂರನೇ ಅಧ್ಯಾಯವು ಎರಡನೆಯದರಿಂದ ಸಹಜವಾಗಿ ಹರಿದುಬಂದಿದೆ. ಅಧ್ಯಾಯಗಳ ನಡುವಿನ ತಾರ್ಕಿಕ ಸಂಬಂಧ ಗಟ್ಟಿಯಾಗಿದೆ." ಎರಡರಲ್ಲೂ ಇದೇ ಮಾತು. ಎರಡರಲ್ಲೂ ಆ ಮೂವತ್ತೆಂಟು ಪುಟಗಳು, ಅಕ್ಕ ಬಿಡಿಸುವವರೆಗೂ, ನಾನು ಬಣ್ಣ ಹಚ್ಚಿದ ದಿನ ಇದ್ದ ಹಾಗೆಯೇ, ಅಂಟಿಕೊಂಡಿದ್ದವು.

ಅಪ್ಪ ನಗಲಿಲ್ಲ. "ಬಿಚ್ಚಿ ಹೊಲೀ. ತಪ್ಪು ನಮ್ದು" ಅಂದರು.

ಬಿಚ್ಚುವ ಮೊದಲೇ ಪ್ರತಿ ಒಯ್ಯಲು ಬಂದವರೊಬ್ಬರಿಗೆ ನಾನು ಹೇಳಲು ಹೋದೆ. "ಸಾರ್, ಮೂರನೇ ಅಧ್ಯಾಯ ಒಂದ್ಸಲ ನೋಡ್ತೀರಾ?"

"ಯಾಕಮ್ಮಾ?"

"ಅದು ಸ್ವಲ್ಪ ಬೇರೆ ಥರ ಇದೆ ಸಾರ್."

"ಹೌದಮ್ಮಾ, ಎಲ್ರೂ ಅದೇ ಅಂದ್ರು. ಹೊಸ ದೃಷ್ಟಿ ಇದೆ ಅಂದ್ರು" ಎಂದು ಖುಷಿಯಿಂದ ಎತ್ತಿಕೊಂಡು ಹೋದರು.

ಮತ್ತೆ ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಇಬ್ಬರಿಗೂ ಪದವಿ ಬಂತು. ಇಬ್ಬರೂ ದೊಡ್ಡವರಾದರು. ಅವರು ಯಾರೆಂದು ನಾನು ಹೇಳುವುದಿಲ್ಲ. ವೇದಿಕೆಯ ಮೇಲೆ ಈಗ ತಾನೇ ಇಬ್ಬರು ನೀರಿನ ಲೋಟ ಎತ್ತಿಕೊಂಡರು, ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಸಭಾಂಗಣದಲ್ಲಿ ಸೆಕೆ ಇದೆ.

ನಿರೂಪಕರು ಚೀಟಿ ಕಳಿಸಿದ್ದಾರೆ. 'ಸಂಕ್ಷಿಪ್ತಗೊಳಿಸಿ' ಎಂದಿದೆ. ಆಗಲಿ.

ಅಕ್ಕನ ಸಂಶೋಧನೆಯ ವಿಷಯ ಏನು ಗೊತ್ತೇ? ಪ್ರಬಂಧಗಳ ಮೊದಲಲ್ಲಿ ಇರುವ ಕೃತಜ್ಞತೆಯ ಪುಟ. ಯಾರು ಯಾರನ್ನು ನೆನೆಯುತ್ತಾರೆ, ಯಾರನ್ನು ಮರೆಯುತ್ತಾರೆ ಎಂದು ನಮ್ಮ ಅಂಗಡಿಗೆ ಬಂದ ನಾನೂರ ಹನ್ನೆರಡು ಪ್ರಬಂಧಗಳಿಂದ ಬರೆದುಕೊಂಡಿದ್ದಾಳೆ. ಮಾರ್ಗದರ್ಶಕರನ್ನು ಎಲ್ಲರೂ ನೆನೆದಿದ್ದಾರೆ. ಹೆಂಡತಿಯರನ್ನು 'ಸಹಿಸಿಕೊಂಡದ್ದಕ್ಕೆ' ನೆನೆದಿದ್ದಾರೆ. ಗಂಡಂದಿರನ್ನು 'ಅನುಮತಿ ಕೊಟ್ಟದ್ದಕ್ಕೆ' ನೆನೆದಿದ್ದಾರೆ. ಈ ಎರಡು ಪದಗಳ ಮೇಲೇ ಅವಳು ಒಂದು ಇಡೀ ಅಧ್ಯಾಯ ಬರೆದಿದ್ದಾಳೆ. ಅವಳು ಓದುತ್ತಿದ್ದಾಗ ಅಮ್ಮ ಒಲೆ ಆರಿಸಿ ಬಂದು ಕೂತು ಕೇಳಿದಳು. ನಮ್ಮಮ್ಮ ಒಲೆ ಆರಿಸಿ ಕೇಳಿದ ಮೊದಲ ಪ್ರಬಂಧ ಅದು.

ಅರ್ಜಿಯ ಜೊತೆ ಮಾದರಿ ಪ್ರಬಂಧ ಎಂದು ಅದನ್ನೇ ಕೊಟ್ಟಳು. ನಾನೇ ಹೊಲಿದೆ. ಹದಿನೈದು ದಿನಕ್ಕೆ ಉತ್ತರ ಬಂತು. "ಅಧ್ಯಾಯಗಳ ನಡುವೆ ತಾರ್ಕಿಕ ಸಂಬಂಧ ಇರುವುದಿಲ್ಲವಾದ ಕಾರಣ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗಿದೆ."

ಅಕ್ಕ ಅತ್ತಳು, ನನಗೆ ಅಳುವಷ್ಟೂ ಬಿಡುವಿರಲಿಲ್ಲ. ಮತ್ತೆ ಅದೇ ತಪ್ಪು ಮಾಡಿದೆನೇ? ಹನ್ನೊಂದು ವರ್ಷದ ಹಿಂದೆ ಬೇರೆಯವರದ್ದು, ಈಗ ಅಕ್ಕನದೇ ಅಧ್ಯಾಯ ಅದಲುಬದಲು ಮಾಡಿದೆನೇ? ಆ ವಾರ ನನ್ನ ಮೇಜಿನ ಮೇಲೆ ಬೇರೆ ಆರು ಕಟ್ಟು ಇದ್ದವು. ಅಕ್ಕನ ಕೊನೆಯ ಅವಕಾಶವನ್ನು ನನ್ನ ಸೂಜಿಯೇ ಹಾಳು ಮಾಡಿತೇ? ಅವಳಿಗೆ ಹೇಳದೆ ಮರುದಿನ ಇಲ್ಲಿಯ ಆಫೀಸಿನ ಕಿಟಕಿಯ ಗುಮಾಸ್ತರ ಬಳಿ ಬಂದೆ.

"ನಾನು ಬೈಂಡ್ ಮಾಡಿದ್ದು ಒಂದು ಪುಸ್ತಕ ನೋಡ್ಬೇಕಿತ್ತು ಸಾರ್. ತಪ್ಪಿದ್ರೆ ಸರಿ ಮಾಡ್ಕೊಡ್ತೀನಿ."

"ನೋಡೋಕೆ ಅರ್ಜಿ ಹಾಕ್ಬೇಕಮ್ಮಾ."

"ಯಾರಿಗೆ ಸಾರ್?"

"ನಂಗೇ."

"ಹಾಕ್ದೆ ಅಂದ್ಕೊಳ್ಳಿ ಸಾರ್."

ಅವರು ನಕ್ಕು ಕಪಾಟು ತೆಗೆದರು. ಅವರನ್ನು ದಯವಿಟ್ಟು ಬೈಯಬೇಡಿ, ನನ್ನ ಅವಸ್ಥೆ ನೋಡಿ ಕೊಟ್ಟದ್ದು. ಮೂರು ಪ್ರತಿಗಳನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡೆ. ಪುಟಸಂಖ್ಯೆ ನೋಡಲು ಹಾಳೆ ಬಿಡಿಸಲು ಹೋದೆ. ಒಂದು, ಎರಡು, ಮೂರು ಬಿಡಿಸಿದ್ದವು. ಆರು, ಏಳು, ಎಂಟು ಬಿಡಿಸಿದ್ದವು. ಒಂಬತ್ತರ ಮೇಲೆ ನನ್ನ ಬೆರಳು ನಿಂತಿತು. ಅಲ್ಲಿಂದ ನೂರ ಹನ್ನೆರಡರವರೆಗೆ ಒಂದೇ ಕೆಂಪು ಗೋಡೆ. ಇನ್ನೊಂದು ಪ್ರತಿಯನ್ನು ನೋಡಿದೆ, ಅದೂ ಒಂಬತ್ತರಿಂದಲೇ ಅಂಟಿತ್ತು. ಮೂರನೆಯದನ್ನು ನೋಡಿದೆ. ಮೂರನೆಯದರಲ್ಲಿ ರಟ್ಟನ್ನೇ ತೆರೆದಿರಲಿಲ್ಲ.

ನಾನು ಒಂದೇ ಒಂದು ಪ್ರತಿಯನ್ನು, ಮೊದಲನೆಯದನ್ನು, ಪೂರ್ತಿ ಬಿಡಿಸಿ ನೋಡಿದೆ. ಅಧ್ಯಾಯಗಳೆಲ್ಲ ಸರಿಯಾದ ಜಾಗದಲ್ಲಿದ್ದವು. ತಪ್ಪು ನನ್ನದಲ್ಲ ಎಂದು ಗೊತ್ತಾದಾಗ ಸಮಾಧಾನವಾಗಬೇಕಿತ್ತು, ಅಲ್ಲವೇ? ನನ್ನದಾಗಿದ್ದರೆ ಚೆನ್ನಾಗಿತ್ತು ಎನಿಸಿತು. ನನ್ನದಾಗಿದ್ದರೆ ಒಂದು ಗಂಟೆಯಲ್ಲಿ ಬಿಚ್ಚಿ ಹೊಲಿದುಬಿಡುತ್ತಿದ್ದೆ.

ಸಭಿಕರೇ, ಯಾರನ್ನೂ ದೂರಲು ನಾನು ಬಂದಿಲ್ಲ. ನೂರನಲವತ್ತು ಅರ್ಜಿ, ಒಂದೊಂದಕ್ಕೆ ನೂರು ಪುಟ. ಸಮಿತಿಯವರಿಗೂ ಮನೆಯಿದೆ, ಮಕ್ಕಳಿದ್ದಾರೆ, ಸನ್ಮಾನಗಳಿವೆ. ಇರುವೆ ಮತ್ತು ಬಸ್ಸಿನ ಪ್ರಬಂಧಗಳನ್ನು ತಂದುಕೊಟ್ಟರೆ ಈಗಲೂ ಸರಿಯಾಗಿ ಹೊಲಿದುಕೊಡಲು ಸಿದ್ಧಳಿದ್ದೇನೆ. ಆದರೆ ಪದವಿ ಬಂದದ್ದು ತಪ್ಪಾಗಿ ಹೊಲಿದ ಪುಸ್ತಕಕ್ಕೆ. ಸರಿಯಾಗಿ ಹೊಲಿದರೆ ಪದವಿ ಉಳಿಯುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು. ಈ ಮಾತಿಗಾಗಿ ನಾಳೆಯಿಂದ ಇಲ್ಲಿಯ ಬೈಂಡಿಂಗ್ ಕೆಲಸ ಬೇರೆ ಅಂಗಡಿಗೆ ಹೋಗಬಹುದು. ಅಪ್ಪನಿಗೆ ಬೆಳಗ್ಗೆಯೇ ಹೇಳಿ ಬಂದಿದ್ದೇನೆ. ಅವರು ಕೇಳಿದ್ದು ಒಂದೇ. "ಮೈಕಲ್ಲಿ ಗಟ್ಟಿಯಾಗಿ ಹೇಳ್ತೀಯಾ, ಇಲ್ಲಾ ನುಂಗ್ತೀಯಾ?"

ನಾನು ಅಕ್ಕನಿಗೆ ಪ್ರವೇಶ ಕೊಡಿ ಎಂದು ಕೇಳುತ್ತಿಲ್ಲ. ಓದಿದ ಮೇಲೆ ಚೆನ್ನಾಗಿಲ್ಲ ಅನಿಸಿದರೆ ಚೆನ್ನಾಗಿಲ್ಲ ಅನ್ನಿ. ಅವಳು ಒಂದು ವಾರ ಅಳುತ್ತಾಳೆ, ಆಮೇಲೆ ಬಂದು ನನ್ನ ಪಕ್ಕ ಕೂರುತ್ತಾಳೆ. ಆದರೆ ಓದಿ ಇಲ್ಲ ಅನ್ನಿ. ಈಗ ನಾಲ್ಕಕ್ಕೆ ಐದು ನಿಮಿಷವಿದೆ. ಮೇಲಿನ ಮಹಡಿಯಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಾಳೆ. ಪುಸ್ತಕ ಮೇಜಿನ ಮೇಲಿರುತ್ತದೆ.

ನನಗೆ ಫಲಕ ಕೊಟ್ಟ ಸಂಸ್ಥೆಗೆ, ತಾಳ್ಮೆಯಿಂದ ಕೇಳಿದ ನಿಮಗೆ, ಎರಡನೇ ಚೀಟಿ ಕಳಿಸದ ನಿರೂಪಕರಿಗೆ ನನ್ನ ಕೃತಜ್ಞತೆಗಳು. ಸಮಿತಿಯವರಿಗೆ ನನ್ನ ಕಸುಬಿನ ಒಂದು ಮಾತು ಹೇಳಿ ಕೆಳಗಿಳಿಯುತ್ತೇನೆ. ನಾನು ಬಿಡಿಸದೆ ಬಿಟ್ಟ ಎರಡನೇ ಪ್ರತಿಯಲ್ಲಿ ಒಂಬತ್ತನೇ ಪುಟದಿಂದ ಹಾಳೆ ಅಂಟಿರುತ್ತದೆ. ಅವಸರದಲ್ಲಿ ಎಳೆಯಬೇಡಿ, ಹರಿದುಹೋಗುತ್ತದೆ. ಪುಸ್ತಕವನ್ನು ಎಡಗೈಯಲ್ಲಿ ಹಿಡಿದು, ಅಂಚನ್ನು ಸ್ವಲ್ಪ ಬಾಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಟಿಕ್ ಎನ್ನುತ್ತದೆ. ಹೆದರಬೇಡಿ, ಅದು ಪುಸ್ತಕ ತೆರೆದುಕೊಳ್ಳುವ ಸದ್ದು. ಗೋಡೆಯ ಆಚೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸುತ್ತದೆ.

ನಮಸ್ಕಾರ.